ಭುಜದ ನೋವಿಗೆ ಸೂಜಿ, ಶ್ವಾಸಕೋಶಕ್ಕೆ ತೂತು: ಅಕ್ಯುಪಂಕ್ಚರ್‌ಗೆ ಹೋಗುವ ಮುಂಚೆ ಇದನ್ನು ಓದಿ

ಕುತ್ತಿಗೆ, ಭುಜ ಅಥವಾ ಬೆನ್ನಿನ ಮೇಲ್ಭಾಗಕ್ಕೆ ಅಕ್ಯುಪಂಕ್ಚರ್ ಮಾಡಿಸಿಕೊಂಡು ಬಂದಿದ್ದೀರಿ. ಅವತ್ತೋ ಮರುದಿನವೋ ಉಸಿರು ಎಳೆದಾಗಲೆಲ್ಲ ಎದೆಯ ಒಂದೇ ಪಕ್ಕದಲ್ಲಿ ಚುಳುಕ್ ಎನ್ನುತ್ತದೆ, ಒಣಕೆಮ್ಮು ಹತ್ತಿದೆ, ನಾಲ್ಕು ಮೆಟ್ಟಿಲಿಗೇ ಏದುಸಿರು. ಹಾಗಿದ್ದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು, ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಿ. ಸೂಜಿ ಹಾಕಿದವರಿಗೆ ಫೋನ್ ಮಾಡಿ ಅವರ ಉತ್ತರಕ್ಕೆ ಕಾಯಬೇಡಿ.

ಸೂಜಿಯಿಂದ ಶ್ವಾಸಕೋಶ ತೂತಾಗುವುದು ಕಟ್ಟುಕತೆಯಲ್ಲ. ಅಮೆರಿಕದ ಸ್ಕೀ ಆಟಗಾರ ಟೋರಿನ್ ಯೇಟರ್-ವಾಲೇಸ್‌ಗೆ 2014ರ ಸೋಚಿ ಒಲಿಂಪಿಕ್ಸ್‌ಗೆ ಕೆಲವೇ ತಿಂಗಳಿದ್ದಾಗ, ಸೂಜಿ ಚಿಕಿತ್ಸೆಯ ವೇಳೆ ಶ್ವಾಸಕೋಶ ಕುಸಿಯಿತು. ಕೆನಡಾದ ಒಲಿಂಪಿಕ್ಸ್ ಜೂಡೊ ಪಟು ಕಿಮ್ ರಿಬಲ್-ಓರ್ ಅವರಿಗೆ 2006ರಲ್ಲಿ ಇದೇ ಆಯಿತು. ಆಮೇಲೆ ಸೋಂಕೂ ಸೇರಿಕೊಂಡು ಅವರ ಎಡ ಶ್ವಾಸಕೋಶ ಮತ್ತೆ ಮೊದಲಿನಂತಾಗಲಿಲ್ಲ. ದಕ್ಷಿಣ ಕೊರಿಯಾದ ಮಾಜಿ ಅಧ್ಯಕ್ಷ ರೋ ತೇ-ವೂ ಅವರದು ಇನ್ನೂ ವಿಚಿತ್ರ. 2011ರಲ್ಲಿ ಕೆಮ್ಮು ಎಂದು ಆಸ್ಪತ್ರೆಗೆ ಹೋದವರ ಬಲಗಡೆಯ ಶ್ವಾಸನಾಳದಲ್ಲಿ 6 ಸೆಂಟಿಮೀಟರಿಗೂ ಮೀರಿದ ಅಕ್ಯುಪಂಕ್ಚರ್ ಸೂಜಿ ಇಡಿಯಾಗಿ ಸಿಕ್ಕಿತು. ಒಳ್ಳೆಯ ವೈದ್ಯರನ್ನೇ ಆರಿಸಿಕೊಳ್ಳಬಲ್ಲ ಜನರಿಗೇ ಹೀಗಾದ ಮೇಲೆ, ಬಡಾವಣೆಯ ಮಹಡಿ ಮೇಲಿನ ‘ಸೆಂಟರ್’ಗೆ ಹೋಗುವವರು ಇನ್ನೂ ಹೆಚ್ಚು ಕಣ್ಣು ತೆರೆದಿರಬೇಕು.

ಯಾಕೆ ಹೀಗಾಗುತ್ತದೆ ಎಂಬುದನ್ನು ನಿಮ್ಮ ಮೈಮೇಲೇ ಮುಟ್ಟಿ ತಿಳಿದುಕೊಳ್ಳಬಹುದು. ತಲೆ ತಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಉಬ್ಬಿ ಕಾಣುವ ಮೂಳೆಗಂಟಿನ ಮೇಲೆ ಒಂದು ಬೆರಳಿಡಿ. ಭುಜದ ಹೊರತುದಿಯ ಮೂಳೆಯ ಮೇಲೆ ಇನ್ನೊಂದು. ಇವೆರಡರ ನಟ್ಟನಡುವೆ, ಒತ್ತಿದರೆ ಹಿತವಾಗಿ ನೋಯುವ ಜಾಗವೇ ಜಿಬಿ 21 ಎಂಬ ಬಿಂದು. ಕಂಪ್ಯೂಟರ್ ಮುಂದೆ ಕೂತು ಭುಜ ಬಿಗಿದುಕೊಂಡವರಿಗೆಲ್ಲ ಮೊದಲು ಸೂಜಿ ಬೀಳುವುದು ಇಲ್ಲೇ. ಚೀನೀ ಭಾಷೆಯಲ್ಲಿ ಇದಕ್ಕೆ ಜಿಯಾನ್‌ಜಿಂಗ್, ಅಂದರೆ ‘ಭುಜದ ಬಾವಿ’ ಎಂದು ಹೆಸರು. ಬಾವಿಯ ತಳದಲ್ಲಿರುವುದು ಶ್ವಾಸಕೋಶದ ನೆತ್ತಿ. ಶ್ವಾಸಕೋಶ ಪಕ್ಕೆಲುಬಿನ ಗೂಡಿನೊಳಗೇ ಮುಗಿಯುತ್ತದೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ನಿಜಕ್ಕೂ ಅದರ ತುದಿ ಕೊರಳೆಲುಬಿನ ಒಳಭಾಗದಿಂದ ಸುಮಾರು 2.5 ಸೆಂಟಿಮೀಟರ್ ಮೇಲಕ್ಕೆ, ಕುತ್ತಿಗೆಯ ಬುಡದವರೆಗೆ ಏರಿರುತ್ತದೆ.

ಈಗ ಆಳದ ಲೆಕ್ಕ. ಹೆಗಲ ಹಲಗೆಯ ಒಳಅಂಚಿನ ಪಕ್ಕದಲ್ಲಿ ಚರ್ಮದಿಂದ ಶ್ವಾಸಕೋಶದ ಮೇಲ್ಮೈಗೆ ಇರುವ ದೂರ ಬರೀ 10ರಿಂದ 20 ಮಿಲಿಮೀಟರ್. ಸಾಮಾನ್ಯವಾಗಿ ಬಳಸುವ ಸೂಜಿಗಳ ಉದ್ದ 25 ಅಥವಾ 40 ಮಿಲಿಮೀಟರ್, ದಪ್ಪ 0.25 ಮಿಲಿಮೀಟರ್ ಆಸುಪಾಸು. ತೆಳ್ಳಗಿನ ಮೈಯವರಿಗೆ 40ರ ಸೂಜಿಯನ್ನು ನೆಟ್ಟಗೆ ಅರ್ಧ ಇಳಿಸಿದರೂ ಅದು ತಲುಪಬಾರದ ಕಡೆ ತಲುಪುತ್ತದೆ. ಪಠ್ಯಪುಸ್ತಕಗಳು ಆಳವನ್ನು ತ್ಸುನ್ ಎಂಬ ಅಳತೆಯಲ್ಲಿ ಹೇಳುತ್ತವೆ. ಒಂದು ತ್ಸುನ್ ಎಂದರೆ ಆ ರೋಗಿಯ ಹೆಬ್ಬೆರಳಿನ ಗೆಣ್ಣಿನ ಅಗಲ, ಚಿಕಿತ್ಸಕನ ಹೆಬ್ಬೆರಳಿನದ್ದಲ್ಲ. ಜಿಬಿ 21ಕ್ಕೆ ಹೇಳಿರುವುದು ಅರ್ಧದಿಂದ 0.8 ತ್ಸುನ್ ಮಾತ್ರ. ದಪ್ಪಗಿನ ದೊಡ್ಡ ಕೈಯವರು ಸಣ್ಣಗಿನ ಹೆಂಗಸಿನ ಭುಜಕ್ಕೆ ತಮ್ಮ ಬೆರಳಿನ ಲೆಕ್ಕದಲ್ಲೇ ಇಳಿಸಿದರೆ ತಪ್ಪು ಆದಂತೆಯೇ.

ಕೂದಲಿನಷ್ಟು ಸಣ್ಣ ಸೂಜಿ ಅಷ್ಟು ದೊಡ್ಡ ಅನಾಹುತ ಹೇಗೆ ಮಾಡುತ್ತದೆ? ಸೂಜಿಯ ಕಡ್ಡಿ ಮೇಲಿನ ಸ್ನಾಯುವಿನಲ್ಲಿ ಕಚ್ಚಿಕೊಂಡು ನಿಂತಿರುತ್ತದೆ. ತುದಿಯ ಕೆಳಗೆ ಶ್ವಾಸಕೋಶ ಪ್ರತಿ ಉಸಿರಿಗೂ ಮೇಲೆ ಕೆಳಗೆ ಜಾರುತ್ತಲೇ ಇರುತ್ತದೆ. ಹಾಗಾಗಿ ಅದು ಬರೀ ಚುಚ್ಚಿದ ತೂತಾಗಿ ಉಳಿಯದೆ ಸಣ್ಣ ಸೀಳಾಗಬಹುದು. ಅಲ್ಲಿಂದ ಸೋರಿದ ಗಾಳಿ ಶ್ವಾಸಕೋಶಕ್ಕೂ ಎದೆಗೂಡಿನ ಗೋಡೆಗೂ ನಡುವೆ ತುಂಬಿಕೊಂಡು ಶ್ವಾಸಕೋಶವನ್ನು ಹಿಂಡುತ್ತದೆ. ಇದಕ್ಕೆ ವೈದ್ಯರು ನ್ಯೂಮೊಥೊರಾಕ್ಸ್ ಎನ್ನುತ್ತಾರೆ. ಸೋರಿಕೆ ನಿಧಾನವಾಗಿದ್ದರೆ ಚಿಕಿತ್ಸೆಯ ಮಂಚದ ಮೇಲೆ ಏನೂ ಗೊತ್ತಾಗುವುದಿಲ್ಲ. ಮನೆಗೆ ಬಂದು ಊಟ ಮಾಡಿ ಮಲಗಿದ ಮೇಲೆ, ರಾತ್ರಿ, ಕೆಲವೊಮ್ಮೆ ಮರುದಿನ ಕಾಣಿಸಿಕೊಳ್ಳುತ್ತದೆ. ಬೆಳಗಿನ ಸೂಜಿಗೂ ರಾತ್ರಿಯ ಎದೆನೋವಿಗೂ ಸಂಬಂಧ ಕಟ್ಟದೆ ಜನ ಎಡವುವುದು ಇಲ್ಲೇ. ಬೀಡಿ-ಸಿಗರೇಟಿನಿಂದ ಶ್ವಾಸಕೋಶ ಹಾಳಾದವರಿಗೆ, ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅವರಿಗೆ ಸ್ವಲ್ಪ ಕುಸಿದರೂ ತಡೆಯುವ ಶಕ್ತಿ ಉಳಿದಿರುವುದಿಲ್ಲ.

ಬಲ್ಲವರು ಈ ಜಾಗಕ್ಕೆ ಸೂಜಿ ಹಾಕುವ ರೀತಿಯೇ ಬೇರೆ. ಭುಜದ ಸ್ನಾಯುವನ್ನು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಹಿಡಿದು ಮೇಲಕ್ಕೆತ್ತಿ, ಆ ಎತ್ತಿದ ಮಾಂಸದೊಳಗೇ ಅಡ್ಡಡ್ಡ ಚುಚ್ಚುತ್ತಾರೆ. ತುದಿ ಎಂದೂ ಕೆಳಮುಖವಾಗಿರುವುದಿಲ್ಲ. ಬೆನ್ನೆಲುಬಿನ ಎರಡೂ ಪಕ್ಕದ ಸಾಲಿನಲ್ಲಿ ಹಾಕುವಾಗ ಸೂಜಿಯನ್ನು ಓರೆಯಾಗಿಸಿ ಬೆನ್ನೆಲುಬಿನ ಕಡೆಗೆ ತಿರುಗಿಸುತ್ತಾರೆ. ಆಗ ತುದಿ ಮುಂದೆ ಹೋದರೂ ಮೂಳೆಗೆ ತಾಗಿ ನಿಲ್ಲುತ್ತದೆ. ಎದೆಯ ಮುಂಭಾಗದ ಬಿಂದುಗಳಿಗೆ ಚರ್ಮಕ್ಕೆ ಸಮಾನಾಂತರವಾಗಿ, ಮೇಲುಮೇಲೆ. ಎದೆಮೂಳೆಯ ನಡುವೆ ಇರುವ ಬಿಂದುವಿಗಂತೂ ನೆಟ್ಟಗೆ ಚುಚ್ಚಲೇಬಾರದು. ಕೆಲವರಿಗೆ ಆ ಮೂಳೆಯಲ್ಲಿ ಹುಟ್ಟಿನಿಂದಲೇ ಒಂದು ರಂಧ್ರವಿರುತ್ತದೆ, ಮುಟ್ಟಿದರೆ ತಿಳಿಯುವುದಿಲ್ಲ, ಅದರ ಹಿಂದೆಯೇ ಹೃದಯ. ನಿಮ್ಮ ಭುಜಕ್ಕೆ ಯಾರಾದರೂ ಮಾಂಸ ಎತ್ತಿ ಹಿಡಿಯದೆ, ಮೇಲಿನಿಂದ ನೇರ ಕೆಳಕ್ಕೆ ಉದ್ದ ಸೂಜಿ ಇಳಿಸಲು ಹೊರಟರೆ “ಬೇಡ, ಅಲ್ಲಿ ಬೇಡ” ಎಂದು ಎದ್ದು ಕೂರಿ. ಸಂಕೋಚಪಡುವ ಹೊತ್ತಲ್ಲ ಅದು.

ಸರಿಯಾಗಿ ಹಾಕಿದ ಸೂಜಿಯೂ ಆಮೇಲೆ ಆಳಕ್ಕೆ ಹೋಗಬಹುದು. ಬೋರಲು ಮಲಗಿದವರ ಮೇಲೆ ಚಳಿಗೆಂದು ಬೆಡ್‌ಶೀಟ್ ಹೊದಿಸಿದರೆ ಅದರ ಭಾರಕ್ಕೆ ಹೋಗುತ್ತದೆ. ಇಪ್ಪತ್ತು ನಿಮಿಷ ಒಬ್ಬರನ್ನೇ ಬಿಟ್ಟು ಹೋದಾಗ ಫೋನಿಗೆ ಕೈ ಚಾಚಿದರೆ ಹೋಗುತ್ತದೆ. ಸೂಜಿಗೆ ವೈರ್ ಸಿಕ್ಕಿಸಿ ಕರೆಂಟ್ ಕೊಟ್ಟಾಗ ಸ್ನಾಯು ಪಟಪಟ ಕುಣಿದು ಸೂಜಿಯನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ, ಹಾಗಾಗಿ ಬೆನ್ನಿನ ಮೇಲ್ಭಾಗದಲ್ಲಿ ಕರೆಂಟ್ ಒಪ್ಪಿಕೊಳ್ಳಬೇಡಿ. ಪೇಸ್‌ಮೇಕರ್ ಇದ್ದವರು ಮೈಯ ಯಾವ ಕಡೆಗೂ ಒಪ್ಪಬೇಡಿ. ನೆಟ್ಟ ಸೂಜಿಯ ಮೇಲೆ ಕಪ್ ಕವುಚಿ ಗಾಳಿ ಎಳೆಯುವುದನ್ನು ಕೆಲವರು ದೊಡ್ಡ ವಿದ್ಯೆಯೆಂಬಂತೆ ತೋರಿಸುತ್ತಾರೆ. ಆ ಕಪ್ ಮಾಂಸವನ್ನು ಮೇಲಕ್ಕೆ ಹೀರಿದಾಗ ಅದರ ಅಂಚು ಚರ್ಮವನ್ನು ಕೆಳಗೆ ಒತ್ತುತ್ತದೆ, ಸೂಜಿ ಇನ್ನಷ್ಟು ಒಳಗೆ ನೂಕಲ್ಪಡುತ್ತದೆ. ಎದೆ ಮತ್ತು ಬೆನ್ನಿನಲ್ಲಿ ಇದು ಖಂಡಿತ ಬೇಡ. ಮೊದಲ ಸಲ ಕುಳಿತುಕೊಂಡು ಸೂಜಿ ಹಾಕಿಸಿಕೊಳ್ಳಲೂಬೇಡಿ, ಖಾಲಿ ಹೊಟ್ಟೆಯಲ್ಲಂತೂ ಬೇಡವೇ ಬೇಡ. ತಲೆಸುತ್ತು ಬಂದು ಸೂಜಿಗಳ ಸಮೇತ ಮುಂದಕ್ಕೆ ಬಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಹಾಕಿದ ಸೂಜಿಗಳೆಷ್ಟು, ತೆಗೆದವೆಷ್ಟು ಎಂದು ಗಟ್ಟಿಯಾಗಿ ಎಣಿಸಲು ಹೇಳಿ.

ಇದೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಒಂದು ಮಾತು. “ಅದು ಹೀಲಿಂಗ್ ರಿಯಾಕ್ಷನ್, ಬ್ಲಾಕ್ ಆಗಿದ್ದ ಶಕ್ತಿ ಹರಿಯುತ್ತಿದೆ, ನಾಳೆ ಇನ್ನೊಂದು ಸಿಟ್ಟಿಂಗ್‌ಗೆ ಬನ್ನಿ.” ಸೂಜಿ ಚುಚ್ಚಿದ ಜಾಗ ಒಂದೆರಡು ದಿನ ಮುಟ್ಟಿದರೆ ನೋಯುವುದು, ಕಾಳಿನಷ್ಟು ನೀಲಿಗಟ್ಟುವುದು, ಅವತ್ತು ಮಂಪರು ಬರುವುದು, ಇವು ಸಹಜ. ಉಸಿರಿನ ಜೊತೆ ಏರಿಳಿಯುವ ನೋವು ಸಹಜವಲ್ಲ. ಅಂಥ ನೋವಿರುವವರ ಬೆನ್ನಿಗೆ ಮತ್ತೆ ಸೂಜಿ ಹಾಕಿದರೆ, ಮಸಾಜ್ ಮಾಡಿದರೆ ಕೈಯಲ್ಲಿದ್ದ ಸಮಯವೂ ಹೋಗುತ್ತದೆ.

ಹಾಗಾದರೆ ಅಕ್ಯುಪಂಕ್ಚರೇ ಬೇಡವೇ? ಹಾಗಲ್ಲ. ಜರ್ಮನಿಯಲ್ಲಿ ತರಬೇತಿ ಪಡೆದ ವೈದ್ಯರು ಸೂಜಿ ಹಾಕಿದ 2,29,230 ರೋಗಿಗಳನ್ನು ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಷ್ಟು ಜನರಲ್ಲಿ ಶ್ವಾಸಕೋಶ ತೂತಾದದ್ದು ಇಬ್ಬರಿಗೆ. ಆ ವೈದ್ಯರು ಎಂಬಿಬಿಎಸ್‌ಗೆ ಸಮನಾದ ಓದಿನ ಮೇಲೆ ಕನಿಷ್ಠ 140 ಗಂಟೆ ಅಕ್ಯುಪಂಕ್ಚರ್ ಕಲಿತವರು. ಅಂದರೆ ಅಪಾಯ ಇರುವುದು ಸೂಜಿ ಹಿಡಿದ ಕೈಯಲ್ಲಿ. ಪದೇಪದೇ ಬರುವ ಮೈಗ್ರೇನ್ ತಡೆಯಲು, ಹಳೆಯ ನೋವುಗಳಿಗೆ, ಕಿಮೊಥೆರಪಿಯ ವಾಕರಿಕೆಗೆ ಬೇರೆ ಚಿಕಿತ್ಸೆಯ ಜೊತೆಗೆ ಇದನ್ನು ಬಳಸುವುದಕ್ಕೆ ಆಧಾರವಿದೆ. ಮೈಗ್ರೇನಿಗೆ ಮಾತ್ರೆಗಳು ಹಿಡಿಸದಿದ್ದರೆ 5ರಿಂದ 8 ವಾರಗಳಲ್ಲಿ 10 ಸಿಟ್ಟಿಂಗ್‌ವರೆಗೆ ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ನಿಯಮ ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಅದಕ್ಕೊಂದು ಮಿತಿಯಿದೆ ಎಂಬುದನ್ನು ಗಮನಿಸಿ. ಐವತ್ತು ಸಿಟ್ಟಿಂಗ್‌ನ ಪ್ಯಾಕೇಜ್‌ಗೆ ಮುಂಗಡ ಕೇಳುವವರಿಗೆ ಈ ಮಿತಿ ಗೊತ್ತಿಲ್ಲ ಅಥವಾ ಬೇಕಿಲ್ಲ.

‘ನಾವು ಮಾಡುವುದು ಡ್ರೈ ನೀಡ್ಲಿಂಗ್, ಅಕ್ಯುಪಂಕ್ಚರ್ ಅಲ್ಲ’ ಎಂಬ ಸಮಾಧಾನವೂ ಈ ವಿಷಯದಲ್ಲಿ ನಡೆಯದು. ಸೂಜಿ ಅದೇ, ಭುಜ ಅದೇ, ಕೆಳಗಿನ ಶ್ವಾಸಕೋಶವೂ ಅದೇ. ಸ್ನಾಯುವಿನ ಗಂಟು ಹುಡುಕಿ ಮೇಲೆ ಕೆಳಗೆ ಕುಟ್ಟುವುದರಿಂದ ಡ್ರೈ ನೀಡ್ಲಿಂಗ್‌ನಲ್ಲಿ ಆಳ ತಪ್ಪುವ ಸಾಧ್ಯತೆ ಇನ್ನೂ ಹೆಚ್ಚು.

ಕಲಿತವರನ್ನು ಗುರುತಿಸುವುದು ಹೇಗೆ? ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲಿ ಅಕ್ಯುಪಂಕ್ಚರ್ ಅನ್ನು ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿತು, 2019ರಲ್ಲಿ ಸ್ವತಂತ್ರ ಪದ್ಧತಿಯೆಂದು ಮಾನ್ಯತೆ ಕೊಟ್ಟಿತು. ಪಶ್ಚಿಮ ಬಂಗಾಳ ಮತ್ತು ಮಹಾರಾಷ್ಟ್ರ ಇದಕ್ಕೆಂದೇ ಕಾಯ್ದೆ ಮಾಡಿಕೊಂಡಿವೆ. ನಮ್ಮಲ್ಲಿ ಐದೂವರೆ ವರ್ಷದ ಬಿಎನ್‌ವೈಎಸ್ ಓದಿದ ಪ್ರಕೃತಿ ಚಿಕಿತ್ಸಾ ವೈದ್ಯರಿಗೆ ಪಠ್ಯದಲ್ಲೇ ಅಕ್ಯುಪಂಕ್ಚರ್ ಇರುತ್ತದೆ, ಶರೀರರಚನೆಯನ್ನೂ ಓದಿರುತ್ತಾರೆ. ಗೋಡೆಯ ಮೇಲೆ ಹೊಳೆಯುವ ಸರ್ಟಿಫಿಕೇಟ್‌ಗಿಂತ ಅವರ ಮಂಡಳಿ ನೋಂದಣಿ ಸಂಖ್ಯೆ, ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕ್ಲಿನಿಕ್ಕಿಗಿರುವ (ಕೆಪಿಎಂಇ) ನೋಂದಣಿ ಕೇಳಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: “ಭುಜಕ್ಕೆ ಹಾಕುವಾಗ ಶ್ವಾಸಕೋಶಕ್ಕೆ ತಾಗದಂತೆ ಏನು ಮಾಡುತ್ತೀರಿ?” ಬಲ್ಲವರು ಖುಷಿಯಿಂದ ಕೈಯಲ್ಲಿ ಮಾಡಿ ತೋರಿಸುತ್ತಾರೆ. “ಸೂಜಿಯಿಂದ ಏನೂ ಆಗಲ್ಲ” ಎಂದವರ ಹತ್ತಿರ ಇರಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ಗರ್ಭ, ಸಕ್ಕರೆ ಕಾಯಿಲೆ ಇದ್ದರೆ ಅವರು ಕೇಳುವ ಮೊದಲೇ ಹೇಳಿ.

ಸೂಜಿ ನಿಮ್ಮ ಕಣ್ಣೆದುರೇ ಸೀಲ್ ಒಡೆದ ಹೊಸದಾಗಿರಬೇಕು, ಕೆಲಸವಾದ ಮೇಲೆ ಚೂಪು ವಸ್ತುಗಳ ಬಿಳಿ ಡಬ್ಬಿಗೆ ಬೀಳಬೇಕು. ನಿಮ್ಮ ಹೆಸರು ಬರೆದ ಡಬ್ಬಿಯಲ್ಲಿ ನಿಮ್ಮವೇ ಸೂಜಿಗಳನ್ನು ಇಟ್ಟು ಮುಂದಿನ ಸಲಕ್ಕೆ ಸ್ಪಿರಿಟ್‌ನಲ್ಲಿ ಒರೆಸಿ ಬಳಸುವುದು ಉಳಿತಾಯವಲ್ಲ. ಸ್ಪಿರಿಟ್‌ಗೆ ಜಗ್ಗದ ಬೀಜಾಣುಗಳಿವೆ, ಡಬ್ಬಿ ಅದಲುಬದಲಾದರೆ ಹೆಪಟೈಟಿಸ್ ಬಿ ಅಂಟಬಹುದು. ಚುಚ್ಚಿದ ಜಾಗಗಳಲ್ಲೇ ವಾರಗಳ ನಂತರ ಕೆಂಪು ಗಂಟುಗಳೆದ್ದು, ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಒಣಗದೆ ಕೀವು ಸೋರುತ್ತಿದ್ದರೆ ಅದು ಕ್ಷಯದ ರೋಗಾಣುವಿನ ನೆಂಟ ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಇರಬಹುದು. ಚರ್ಮದ ವೈದ್ಯರಿಗೆ ಸೂಜಿಯ ವಿಷಯ ಹೇಳಿ ಕೀವಿನ ಕಲ್ಚರ್ ಮಾಡಿಸಿ.

ಇನ್ನು, ಇನ್ಸುಲಿನ್, ಫಿಟ್ಸ್ ಮಾತ್ರೆ, ಬಿಪಿ ಮಾತ್ರೆ ನಿಲ್ಲಿಸಿ ಎನ್ನುವವರು ಚಿಕಿತ್ಸೆಯ ಜೊತೆಗಾರರಲ್ಲ. 2024ರ ಫೆಬ್ರುವರಿಯಲ್ಲಿ ತಿರುವನಂತಪುರದಲ್ಲಿ, ಹಿಂದೆ ಸಿಸೇರಿಯನ್ ಆಗಿದ್ದ ಗರ್ಭಿಣಿಯೊಬ್ಬರು ಆಸ್ಪತ್ರೆ ಬಿಟ್ಟು ಮನೆಯಲ್ಲೇ ಹೆರಿಗೆಗೆ ಕೂತು ಮಗುವಿನೊಂದಿಗೆ ತೀರಿಕೊಂಡರು. ಅಕ್ಯುಪಂಕ್ಚರ್ ಮಾಡುತ್ತಿದ್ದವರೊಬ್ಬರನ್ನು ಪೊಲೀಸರು ಬಂಧಿಸಿದರು.

ಮತ್ತೆ ಎದೆನೋವಿಗೆ ಬರೋಣ. ಆಸ್ಪತ್ರೆಗೆ ಹೊರಡುವಾಗ ಗಾಡಿ ನೀವು ಓಡಿಸಬೇಡಿ. ತುಟಿ ನೀಲಿಯಾಗುತ್ತಿದ್ದರೆ, ಮಾತಾಡಲೂ ಉಸಿರು ಸಾಲದಿದ್ದರೆ, ಬೆವರಿ ಕುಸಿಯುತ್ತಿದ್ದರೆ 108ಕ್ಕೆ ಕರೆ ಮಾಡಿ. ಎದೆಯೊಳಗೆ ಒತ್ತಡ ಏರಿ ಹೃದಯವನ್ನೇ ಅಮುಕುತ್ತಿರುವ ಲಕ್ಷಣ ಅದು, ನಿಮಿಷಗಳ ಲೆಕ್ಕ. ಅಷ್ಟಿಲ್ಲದಿದ್ದರೆ, ಸ್ವಲ್ಪವೇ ಗಾಳಿ ಸೇರಿದ್ದಾಗ ಆಮ್ಲಜನಕ ಕೊಟ್ಟು, ಕೆಲವು ಗಂಟೆ ನೋಡಿ, ಮತ್ತೊಂದು ಎಕ್ಸ್‌ರೇ ತೆಗೆದು ಕಳಿಸುತ್ತಾರೆ. ಹೆಚ್ಚಿದ್ದರೆ ಪಕ್ಕೆಲುಬುಗಳ ನಡುವೆ ಕೊಳವೆ ಇಟ್ಟು, ಅದರ ತುದಿಯನ್ನು ಬಾಟಲಿಯ ನೀರಿನೊಳಗೆ ಮುಳುಗಿಸಿ ಗಾಳಿ ಹೊರಗೆ ಬಿಡುತ್ತಾರೆ. ಕೆಲವು ದಿನ ವಾರ್ಡಿನಲ್ಲಿ ಇರಬೇಕಾಗುತ್ತದೆ. ಶ್ವಾಸಕೋಶ ಪೂರ್ತಿ ಅರಳಿದೆ ಎಂದು ಎಕ್ಸ್‌ರೇ ನೋಡಿ ವೈದ್ಯರು ಒಪ್ಪುವ ತನಕ ವಿಮಾನ ಹತ್ತಬಾರದು. ಮೇಲೆ ಹೋದಂತೆ ಕ್ಯಾಬಿನ್ನಿನ ಒತ್ತಡ ಇಳಿದು ಎದೆಯೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. ಊರಿಗೆ ರಜೆಗೆ ಬಂದಾಗ ಸೂಜಿ ಹಾಕಿಸಿಕೊಂಡು ಮರುದಿನವೇ ದುಬೈಗೋ ಅಮೆರಿಕಕ್ಕೋ ಹೊರಡುವವರು ಇದನ್ನು ನೆನಪಿಡಿ.

ತುರ್ತು ವಿಭಾಗದಲ್ಲಿ ಬರೀ “ಎದೆನೋವು” ಎಂದರೆ ಇಸಿಜಿ ತೆಗೆದು, ನಾರ್ಮಲ್ ಎಂದು ಗ್ಯಾಸ್ ಮಾತ್ರೆ ಕೊಟ್ಟು ಕಳಿಸಬಹುದು. ಹೀಗೆ ಹೇಳಿ: “ಇವತ್ತು ಬೆಳಿಗ್ಗೆ ಬಲಭುಜಕ್ಕೆ ಅಕ್ಯುಪಂಕ್ಚರ್ ಸೂಜಿ ಹಾಕಿಸಿಕೊಂಡಿದ್ದೆ ಡಾಕ್ಟ್ರೇ. ಸಂಜೆಯಿಂದ ಉಸಿರೆಳೆದರೆ ಬಲಗಡೆ ಎದೆ ನೋಯುತ್ತಿದೆ. ನ್ಯೂಮೊಥೊರಾಕ್ಸ್ ಇದೆಯಾ ನೋಡಿ.” ನಿಲ್ಲುವ ಶಕ್ತಿಯಿದ್ದರೆ ಎಕ್ಸ್‌ರೇ ನಿಂತೇ ತೆಗೆಸಿಕೊಳ್ಳಿ. ಮಲಗಿ ತೆಗೆದ ಎಕ್ಸ್‌ರೇಯಲ್ಲಿ ಸ್ವಲ್ಪ ಗಾಳಿ ಕಣ್ಣಿಗೆ ಬೀಳದೆ ಹೋಗಬಹುದು.