ಲೆಮ್ಮಿಂಗ್ಸ್: ತಲೆ ಇಲ್ಲದ ಈ ಹಸಿರು ಕೂದಲಿನವರನ್ನು ದಾಟಿಸಿ ನೋಡಿ

ಬೆಳಗಾವಿ ಮಳೆ ಗೊತ್ತಲ್ಲ. ಜುಲೈನಲ್ಲಿ ಒಮ್ಮೆ ಹಿಡಿಯಿತು ಅಂದರೆ ಫ್ಯಾನಿನ ಕೆಳಗೆ ಹಾಕಿದ ಬಟ್ಟೆಯೂ ಒಣಗುವುದಿಲ್ಲ, ಹುಡುಗರು ಮನೆಯಿಂದ ಹೊರಗೆ ಬೀಳುವುದಿಲ್ಲ. ಅಣ್ಣನ ಮಗ ಗೋಕಾಕದಿಂದ ನಮ್ಮ ಟಿಳಕವಾಡಿ ಮನೆಗೆ ಬಂದು ನಾಲ್ಕು ದಿನ ಆಗಿತ್ತು, ನಾಲ್ಕೂ ದಿನ ಫೋನಿನಲ್ಲೇ ಮುಖ. ಅಟ್ಟದ ಮೇಲಿನ ಸಿಡಿ ಡಬ್ಬಿ ಕೆಳಗಿಳಿಸಿ ಕೆದಕಿದೆ. ಲೆಮ್ಮಿಂಗ್ಸ್ ಸಿಕ್ಕಿತು.

1991ರ ಆಟ ಇದು. ಸ್ಕಾಟ್ಲೆಂಡಿನ ಡಂಡೀ ಅನ್ನೋ ಊರಿನ ಡಿಎಂಎ ಡಿಸೈನ್ ಕಂಪನಿಯವರು ಮೊದಲು ಅಮಿಗಾ ಕಂಪ್ಯೂಟರಿಗೆ ಮಾಡಿದ್ದು, ಆಮೇಲೆ ಹಳೆಯ ಪಿಸಿಗಳಲ್ಲಿದ್ದ ಡಾಸ್ ಅನ್ನೋ ವ್ಯವಸ್ಥೆಗೂ ಬಂತು. ಹುಡುಗ ಪರದೆ ನೋಡಿ ಮುಖ ಸಿಂಡರಿಸಿದ. ಮುಂದೆ ಗ್ರ್ಯಾಂಡ್ ಥೆಫ್ಟ್ ಆಟೋ ಮಾಡಿದವರೂ ಇವರೇ ಅಂದೆ ನೋಡಿ, ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದ.

ಆಟ ಏನಪ್ಪಾ ಅಂದರೆ, ಮೇಲೆ ಒಂದು ಬಾಗಿಲು ತೆರೆಯುತ್ತದೆ, ಅದರೊಳಗಿಂದ ಹಸಿರು ಕೂದಲು, ನೀಲಿ ಅಂಗಿಯ ಪುಟಾಣಿಗಳು ಒಬ್ಬರ ಹಿಂದೆ ಒಬ್ಬರು ಉದುರುತ್ತಾರೆ. ಉದುರಿದವರು ನಡೆಯುತ್ತಲೇ ಇರುತ್ತಾರೆ. ಗೋಡೆ ಬಂದರೆ ತಿರುಗುತ್ತಾರೆ, ಹೊಂಡ ಬಂದರೆ ಬೀಳುತ್ತಾರೆ, ನೀರು ಬಂದರೆ ಮುಳುಗುತ್ತಾರೆ. 'ಕಾಕಾ, ಇವರಿಗೆ ತಲಿ ಇಲ್ಲೇನ್ರಿ? ಸುಮ್ನ ಹೋಗಿ ಬೀಳಾಕತ್ತಾರ!' ಇಲ್ಲ, ತಲೆ ನಾವೇ ಆಗಬೇಕು. ಹೇಳಿದಷ್ಟು ಜನರನ್ನು, ಹೇಳಿದ ಸಮಯದೊಳಗೆ ಆಚೆ ಬಾಗಿಲಿಗೆ ಮುಟ್ಟಿಸಬೇಕು.

ನೀವು ಯಾರನ್ನೂ ಕೈಹಿಡಿದು ನಡೆಸುವ ಹಾಗಿಲ್ಲ, ಕೆಲಸ ಮಾತ್ರ ಹಂಚಬಹುದು. ಎಂಟು ಕೆಲಸ ಇವೆ. ಒಬ್ಬ ಗೋಡೆ ಹತ್ತುತ್ತಾನೆ, ಒಬ್ಬ ಕೊಡೆ ಬಿಚ್ಚಿ ಇಳಿಯುತ್ತಾನೆ, ಒಬ್ಬ ಮೆಟ್ಟಿಲು ಕಟ್ಟುತ್ತಾನೆ, ಇನ್ನು ಮೂವರು ಅಡ್ಡಕ್ಕೆ, ಓರೆಗೆ, ನೆಟ್ಟಗೆ ಕೆಳಕ್ಕೆ ಅಗೆಯುವವರು. ಅಡ್ಡ ನಿಲ್ಲುವವನದ್ದೇ ಕಥೆ. ನಮ್ಮೂರ ಗಣಪತಿ ಮೆರವಣಿಗೆಯಲ್ಲಿ ಹಗ್ಗದ ಮುಂದೆ ಎರಡೂ ಕೈ ಚಾಚಿ ನಿಂತ ಹುಡುಗರನ್ನು ನೋಡಿರ್ತೀರಿ, ಥೇಟ್ ಹಾಗೇ ನಿಂತು ಎಲ್ಲರನ್ನೂ ವಾಪಸ್ ತಿರುಗಿಸುತ್ತಾನೆ. ಆದರೆ ಒಮ್ಮೆ ನಿಂತ ಅಂದರೆ ಅವನು ತಾನಾಗಿ ಮತ್ತೆ ನಡೆಯೋದಿಲ್ಲ. ಕಾಲಡಿಯ ನೆಲ ಕಡಿದರೆ ಉಂಟು, ಇಲ್ಲದಿದ್ದರೆ ಎಂಟನೇ ಕೆಲಸ: ತಲೆ ಮೇಲೆ 5, 4, 3, 2, 1 ಎಣಿಕೆ, ತಲೆ ಹಿಡಿದುಕೊಂಡು ಸಣ್ಣ ದನಿಯಲ್ಲಿ 'ಓ ನೋ', ಆಮೇಲೆ ಢಮ್. ನನಗೆ ನಗು ಬಂತು. ಹುಡುಗನಿಗೆ ಬರಲಿಲ್ಲ. 'ಎಲ್ಲಾರನೂ ಉಳಿಸಿದಾಂವಗ ಹಿಂಗ ಮಾಡೋದೇನ್ರಿ' ಅಂತ ಮೌಸ್ ಕಸಿದುಕೊಂಡು, ಅವನಿಗೂ ದಾರಿ ಸಿಗುತ್ತದಾ ಅಂತ ಅರ್ಧ ತಾಸು ಹೆಣಗಿದ. ಸಿಕ್ಕಿತು ಕೂಡ, ಕೆಳಗಿನಿಂದ ಒಬ್ಬ ಅಗೆದು ಬಂದ.

ನನಗೆ ಇಷ್ಟ ಮೆಟ್ಟಿಲು ಕಟ್ಟುವವನು. ಲೆಕ್ಕ ಮಾಡಿ ಹನ್ನೆರಡೇ ಇಟ್ಟಿಗೆ. ಕೊನೆಯ ಮೂರು ಇಡುವಾಗ ಟಿಣ್, ಟಿಣ್, ಟಿಣ್ ಅಂತ ಸದ್ದು ಬರುತ್ತದೆ. ಅದಾದ ಮೇಲೆ 'ನನ್ನ ಕೆಲಸ ಮುಗೀತು' ಅನ್ನೋ ಹಾಗೆ ಭುಜ ಕುಣಿಸುತ್ತಾನೆ, ಆಗಲೇ ಅವನ ಮೇಲೆ ಒತ್ತಿ ಇನ್ನೊಂದು ಸಲ ಕಟ್ಟಲು ಹೇಳಬೇಕು, ಮರೆತರೆ ಸೀದಾ ಮುಂದೆ ನಡೆದು ಹೊಂಡಕ್ಕೆ ಬೀಳುತ್ತಾನೆ, ಹಿಂದಿನವರೂ ಅವನ ಬೆನ್ನಿಗೇ. ಎರಡೇ ದಿನಕ್ಕೆ ಅಡುಗೆಮನೆಯಲ್ಲಿ ಚಮಚ ಟಿಣ್ ಅಂದರೂ ನನ್ನ ಕೈ ಮೌಸಿನ ಕಡೆ ಹೋಗುತ್ತಿತ್ತು.

ಒಟ್ಟು 120 ಲೆವೆಲ್, ಮೂವತ್ತು ಮೂವತ್ತರ ನಾಲ್ಕು ಹಂತ. ಮೊದಲನೆಯದು ಚಿಕ್ಕ ಮಕ್ಕಳಿಗೂ ಬರುತ್ತದೆ: ಹತ್ತು ಜನ, ಒಬ್ಬ ಉಳಿದರೂ ಪಾಸು. ಅದನ್ನು ನಂಬಿ ಮೋಸ ಹೋಗಬೇಡಿ. ಸುಲಭದಲ್ಲಿ ಆಡಿದ ನಕ್ಷೆಯೇ ಮುಂದೆ ಕಡಿಮೆ ಸಲಕರಣೆ ಇಟ್ಟುಕೊಂಡು ಮತ್ತೆ ಬರುತ್ತದೆ, ಗುರುತಿನ ಓಣಿಯಲ್ಲೇ ದಾರಿ ತಪ್ಪಿದ ಹಾಗೆ. ಈ ಚೇಷ್ಟೆ ನನಗೆ ಬಹಳ ಹಿಡಿಸಿತು.

ಹಿಡಿಸದೇ ಇದ್ದದ್ದೂ ಇದೆ. ಹತ್ತು ಜನ ಒಂದೇ ಕಡೆ ಗುಂಪು ಕೂಡಿದಾಗ ನಮಗೆ ಬೇಕಾದವನ ಮೇಲೆ ಒತ್ತೋದು ಅಂದರೆ ಸಾಸಿವೆ ಆರಿಸಿದ ಹಾಗೆ. ತಪ್ಪಿದರೆ ಒಂದು ಹೆಜ್ಜೆ ಹಿಂದೆ ಹೋಗುವ ಸೌಲಭ್ಯ ಇಲ್ಲ, ಮೊದಲಿಂದ ಶುರು. ದಾರಿ ಎಲ್ಲಾ ಸರಿ ಆದ ಮೇಲೂ ಕೊನೆಯವನು ಬಾಗಿಲು ಮುಟ್ಟುವ ತನಕ ಕಾಯಬೇಕು, ಬೇಗ ಓಡಿಸುವ ಗುಂಡಿಯೂ ಇಲ್ಲ. ಕೊನೆಯ ಹಂತದಲ್ಲಿ ಬುದ್ಧಿಗಿಂತ ಬೆರಳಿನ ಪರೀಕ್ಷೆಯೇ ಜಾಸ್ತಿ, ಅಲ್ಲಿ ನನ್ನ ತಾಳ್ಮೆ ಮುಗಿಯಿತು.

ಈಗಿನ ಕಂಪ್ಯೂಟರಿನಲ್ಲಿ ಆಡಲು ಡಾಸ್ ಆಟಗಳನ್ನು ಓಡಿಸುವ ಡಾಸ್‌ಬಾಕ್ಸ್ ಅನ್ನೋ ತಂತ್ರಾಂಶ ಬೇಕು, ಅದು ಪುಕ್ಕಟೆ. ಆಟ ಓಡಿದ ಹಾಗೆ ಅನಿಸಿದರೆ ಕಂಟ್ರೋಲ್ ಜೊತೆ ಎಫ್11 ಒತ್ತಿ ವೇಗ ಇಳಿಸಿ, ಎಫ್12 ಒತ್ತಿದರೆ ಏರುತ್ತದೆ. ಮೌಸ್ ಒಳಗೇ ಸಿಕ್ಕಿಬಿದ್ದರೆ ಕಂಟ್ರೋಲ್ ಎಫ್10. ಮೂಲ ಆಟ ಕೈಗೆ ಸಿಗದವರಿಗೆ ಇದೇ ಧಾಟಿಯ ಲಿಕ್ಸ್ ಅನ್ನೋ ಉಚಿತ ಆಟ ಇದೆ, ಅದೂ ಸುಮಾರಾಗಿ ಚೆನ್ನಾಗಿದೆ.

ಲೆಮ್ಮಿಂಗ್ಸ್‌ನಲ್ಲಿ ಆಟ ಉಳಿಸಿಡುವ ವ್ಯವಸ್ಥೆ ಇಲ್ಲ, ಲೆವೆಲ್ ಗೆದ್ದಾಗ ಹತ್ತು ಅಕ್ಷರದ ಪಾಸ್‌ವರ್ಡ್ ಕೊಡುತ್ತದೆ. ಹುಡುಗ ಎಲ್ಲವನ್ನೂ ಕ್ಯಾಲೆಂಡರಿನ ಹಿಂದೆ ಬರೆದಿಟ್ಟು ಊರಿಗೆ ಹೋದ. 'ಮುಂದಿಂದು ದೀಪಾವಳಿಗೆ ಬಂದಾಗ ಆಡೂಣ್ರಿ, ನೀವೊಬ್ರ ಆಡಬ್ಯಾಡ್ರಿ ಕಾಕಾ' ಅಂದಿದ್ದ. ಆಗಲಿ ಅಂದಿದ್ದೆ. ನಾನು ಗೆದ್ದ ಆರು ಲೆವೆಲ್‌ಗಳ ಪಾಸ್‌ವರ್ಡ್ ಈಗ ಬೇರೆ ಚೀಟಿಯಲ್ಲಿ, ನನ್ನ ಪಾಕೀಟಿನಲ್ಲಿ ಇದೆ.