ರೆಸಿನ್ ಟ್ರೇ ಮಾಡೋಕೆ ಯಾವುದು ಒಳ್ಳೆಯದು: ಬೇಗ ಗಟ್ಟಿಯಾಗೋದೋ, ನಿಧಾನದ್ದೋ?

ಮರ, ರೆಸಿನ್ (ಸುರಿದ ಮೇಲೆ ಪ್ಲಾಸ್ಟಿಕ್‌ನಂತೆ ಗಟ್ಟಿಯಾಗುವ ದ್ರವ) ಸೇರಿಸಿ ಟ್ರೇ ಮಾಡಲು ಹೊರಟವರು ಮೊದಲು ಬಣ್ಣ ಆರಿಸುತ್ತಾರೆ. ಅದಕ್ಕಿಂತ ಮುಂಚೆ ರೆಸಿನ್ ತುಂಬಬೇಕಾದ ಜಾಗದ ಆಳ ಅಳೆಯಿರಿ. ಯಾವ ರೆಸಿನ್ ಕೊಳ್ಳಬೇಕು ಅನ್ನೋದನ್ನು ಆಳವೇ ತೀರ್ಮಾನಿಸುತ್ತದೆ. ಪುಣೆಯ ನಮ್ಮ ಮನೆಯ ಬಾಲ್ಕನಿಯಲ್ಲಿ ಎರಡೂ ಬಗೆಯ ಎಪಾಕ್ಸಿ (ಇಂಥ ಟ್ರೇಗೆ ಬಳಸುವ ರೆಸಿನ್) ಸುರಿದು ನೋಡಿದ್ದೇನೆ.

ಬೇಗ ಗಟ್ಟಿಯಾಗುವ ಕೋಟಿಂಗ್ ರೆಸಿನ್ ಜೇನಿನಂತೆ ಮಂದ. ಸಾಮಾನ್ಯವಾಗಿ ರೆಸಿನ್, ಹಾರ್ಡ್ನರ್ (ಅದನ್ನು ಗಟ್ಟಿ ಮಾಡಲು ಬೆರೆಸುವ ದ್ರವ) ಸಮ ಅಳತೆ. ಕಲಸಿದ ಮೇಲೆ ಸುರಿಯಲು ಅರ್ಧ ಗಂಟೆ ಸಿಗುತ್ತದೆ, ಮರುದಿನ ಮುಟ್ಟಬಹುದು. ಆದರೆ ಒಂದು ಸಲಕ್ಕೆ 3ರಿಂದ 6 ಮಿಲಿಮೀಟರ್ ಮಾತ್ರ ಸುರಿಯಬೇಕು. ಗಟ್ಟಿಯಾಗುವಾಗ ಅದು ತಾನೇ ಬಿಸಿಯಾಗುತ್ತದೆ. ಪದರ ದಪ್ಪವಾದರೆ ಆ ಬಿಸಿಗೆ ಹೊರಹೋಗಲು ದಾರಿ ಇರಲ್ಲ. ಬಿಸಿ ಹೆಚ್ಚಿದಷ್ಟೂ ಇನ್ನೂ ಬೇಗ ಗಟ್ಟಿಯಾಗುತ್ತದೆ, ಮತ್ತಷ್ಟು ಬಿಸಿಯಾಗುತ್ತದೆ. ಕೊನೆಗೆ ಹಳದಿ ಬಣ್ಣ, ಬಿರುಕು, ಕೆಲವೊಮ್ಮೆ ಹೊಗೆ. 20 ಮಿಲಿಮೀಟರ್ ದಪ್ಪದ ಹಲಗೆಗಳ ನಡುವೆ 'ನದಿ' (ನದಿಯಂತೆ ಕಾಣುವ ರೆಸಿನ್ ಪಟ್ಟಿ) ತುಂಬಿಸಬೇಕೆಂದರೆ ನಾಲ್ಕೈದು ಪದರ ಬೇಕು. ಹಾಗೂ ಮಾಡಿ ನೋಡಿದೆ. ಮೇಲಿಂದ ಚೆನ್ನಾಗಿತ್ತು, ಅಂಚಿನಿಂದ ನೋಡಿದರೆ ಪದರದ ಗೆರೆಗಳು ಕಾಣುತ್ತಿದ್ದವು.

ನಿಧಾನದ ಕಾಸ್ಟಿಂಗ್ ರೆಸಿನ್ ತೆಳು. ಗುಳ್ಳೆಗಳು ಬಹುಪಾಲು ತಾವೇ ಮೇಲೆ ಬಂದು ಒಡೆಯುತ್ತವೆ. 20 ಮಿಲಿಮೀಟರನ್ನು ಒಂದೇ ಸಲ ಸುರಿಯಬಹುದು, ಅಂಚು ಗಾಜಿನಷ್ಟು ತಿಳಿಯಾಗಿರುತ್ತದೆ. ಗಟ್ಟಿಯಾಗಲು ಎರಡು ಮೂರು ದಿನ ಬೇಕು, ಬೆಲೆಯೂ ಜಾಸ್ತಿ. ತೆಳು ಇರುವುದರಿಂದ ಚೂರು ಸಂದಿ ಸಿಕ್ಕರೂ ಸೋರುತ್ತದೆ. ಅಚ್ಚಿನ ಒಳಗೆಲ್ಲ ಕಂದು ಪ್ಯಾಕಿಂಗ್ ಟೇಪ್ ಅಂಟಿಸಿ, ಮೂಲೆಗಳಿಗೆ ಸಿಲಿಕೋನ್ ಹಚ್ಚಿ. ಟೇಪಿಗೆ ರೆಸಿನ್ ಹಿಡಿಯಲ್ಲ. ರೆಸಿನ್, ಹಾರ್ಡ್ನರ್ ಅಳತೆ 2:1 ಅಥವಾ 3:1 ಇರುತ್ತದೆ. ಅದು ತೂಕದ ಲೆಕ್ಕವೋ ಮಿಲಿಲೀಟರ್ ಲೆಕ್ಕವೋ ಡಬ್ಬಿಯ ಮೇಲೆ ಓದಿಯೇ ಕಲಸಿ. ಎರಡೂ ಒಂದೇ ಅಲ್ಲ.

ಎಷ್ಟು ಬೇಕು ಅನ್ನೋ ಲೆಕ್ಕ ಸುಲಭ. ಉದ್ದ, ಅಗಲ, ಆಳವನ್ನು ಸೆಂಟಿಮೀಟರಿನಲ್ಲಿ ಗುಣಿಸಿ. 30 × 10 × 2 ಅಂದರೆ 600 ಮಿಲಿಲೀಟರ್.

ನದಿ ಟ್ರೇಗೆ ನನ್ನ ಮತ ನಿಧಾನದ್ದಕ್ಕೇ. ಸಿದ್ಧ ಮರದ ಟ್ರೇ ತಂದು ತಳಕ್ಕೆ ಬಣ್ಣದ ಪದರ ಹಾಕುವುದಾದರೆ ಕೋಟಿಂಗ್ ರೆಸಿನ್ ಸಾಕು. ಅಲ್ಲಿ ಸುಮ್ನೆ ದುಬಾರಿಯದು ಯಾಕೆ?

ಮರದ ವಿಷಯಕ್ಕೆ ಬಂದರೆ, ಪುಣೆಯ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ ಕಡೆ ಹೋದರೆ ಸಾಗುವಾನಿ ತುಂಡುಗಳನ್ನು ಕೇಳಿ. ಹಳೇ ಬಾಗಿಲಿನದಾದರೆ ಇನ್ನೂ ಒಳ್ಳೆಯದು, ಚೆನ್ನಾಗಿ ಒಣಗಿರುತ್ತದೆ. ಸಾಗುವಾನಿಯಲ್ಲಿ ಎಣ್ಣೆ ಇರುವುದರಿಂದ ಸುರಿಯುವ ಮುಂಚೆ ಅಸಿಟೋನ್‌ನಿಂದ ಒರೆಸಬೇಕು. ಮಾವಿನ ಹಲಗೆ ಅಗ್ಗ, ನೀಲಿ ಬಣ್ಣದ ಪಕ್ಕ ಬಹಳ ಚೆಂದ. ಆದರೆ ಹಸಿಯಾಗಿರಬಾರದು, ಹುಳು ಕೊರೆದಿರಬಾರದು. ಯಾವ ಮರವಾದರೂ ಮೊದಲು ತೆಳುವಾಗಿ ರೆಸಿನ್ ಬಳಿದು ಬಿಡಿ. ಇಲ್ಲದಿದ್ದರೆ ಮರದೊಳಗಿನ ಗಾಳಿ ಗುಳ್ಳೆಯಾಗಿ ಬರುತ್ತಲೇ ಇರುತ್ತದೆ.

ಮೇಲ್ಮೈಗೆ ಕನ್ನಡಿಯಂಥ ಹೊಳಪು ಬೇಕೋ, ಎಣ್ಣೆಯ ಮಂದ ಹೊಳಪೋ? ನಮ್ಮ ಮನೆಗಳಲ್ಲಿ ಟ್ರೇ ಮೇಲೆ ಬರೋದು ಬಿಸಿ ಕಾಫಿಯ ಸ್ಟೀಲ್ ಲೋಟ, ಅಲ್ವಾ? ಸಾಮಾನ್ಯ ಎಪಾಕ್ಸಿ 50–60 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಮೆತ್ತಗಾಗತೊಡಗುತ್ತದೆ. ಹೊಳಪಿನ ಟ್ರೇ ಮೇಲೆ ಲೋಟದ ಗುಂಡು ಗುರುತು ಎದ್ದು ಕಾಣುತ್ತದೆ. 400 ನಂಬರಿನ ಪಾಲಿಶ್ ಪೇಪರ್‌ವರೆಗೆ ಉಜ್ಜಿ ಎಣ್ಣೆ ಹಚ್ಚಿದ್ದರಲ್ಲಿ ಗುರುತೂ ಗೀರೂ ಅಷ್ಟಾಗಿ ಕಾಣಲ್ಲ, ಮತ್ತೆ ಉಜ್ಜಿ ಸರಿಮಾಡಲೂಬಹುದು. ಆದರೂ ರೆಸಿನ್ ಭಾಗದ ಮೇಲೆ ನೇರವಾಗಿ ಬಿಸಿ ಇಡಬೇಡಿ.

ಜುಲೈ ಮಳೆಯಲ್ಲಿ ಎರಡೂ ಬಗೆಯ ರೆಸಿನ್ ಸುರಿಯುವುದು ಬೇಡ. ತೇವಕ್ಕೆ ಮೇಲೆ ಜಿಡ್ಡಿನಂಥ ಪದರ ಬರುತ್ತದೆ. ಬಂದರೆ ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಉಜ್ಜಿ. ನೈಟ್ರೈಲ್ ಕೈಗವಸು ಎರಡಕ್ಕೂ ಬೇಕೇ ಬೇಕು. ಎನ್95 ಮಾಸ್ಕ್ ಉಜ್ಜುವಾಗಿನ ಧೂಳಿಗೆ ಆಗುತ್ತದೆ, ರೆಸಿನ್ ಆವಿಗೆ ಆಗಲ್ಲ. ಅದಕ್ಕೆ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕೇ ತರಬೇಕು.