18 ಅಡಿ ಬೋಟು ಸಾಕಾ, 23 ಅಡಿಯದ್ದು ಬೇಕಾ?

ನಮ್ಮ ಹತ್ತಿರ ಇರುವುದು 18 ಅಡಿಯ ಬೌರೈಡರ್. ಅಂದರೆ ಮೂತಿಯ ಕಡೆಯೂ ಕೂರಲು ಜಾಗ ಇರುವ, ಮೇಲೆ ಏನೂ ಇಲ್ಲದ ಮೋಟಾರ್ ಬೋಟು. ಇಂಜಿನ್ ಮರ್ಕ್ರೂಸರ್, 3.0 ಲೀಟರ್, ನಾಲ್ಕು ಸಿಲಿಂಡರ್, 135 ಅಶ್ವಶಕ್ತಿ. ಮಕ್ಕಳು ಚಿಕ್ಕವರಿದ್ದಾಗ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಈಗ ದೊಡ್ಡವಳು ನನಗಿಂತ ಎತ್ತರ. ಊರಿಂದ ಅತ್ತೆ, ಮಾವ ಬಂದರೆ ನಾವು ಆರು ಜನ. ಸ್ನೇಹಿತರ ಮನೆಯವರೂ ಸೇರಿದರೆ ಕಾಲಿಡಲು ಜಾಗ ಇಲ್ಲ.

ಹಾಗಾಗಿ ದೊಡ್ಡದು ತಗೊಳ್ಳೋಣ ಅಂತ ಮನೆಯಲ್ಲಿ ಮಾತು. ನಮ್ಮ ಯಜಮಾನರ ಕಣ್ಣು 23 ಅಡಿಯ ಬೌರೈಡರ್ ಮೇಲೆ. 6.2 ಲೀಟರ್ ವಿ8, ಅಂದರೆ ಎಂಟು ಸಿಲಿಂಡರ್ ಇಂಜಿನ್, 300 ಅಶ್ವಶಕ್ತಿ. ನನ್ನ ಮನಸ್ಸು ಇದ್ದದ್ದು ಟ್ರೈಟೂನ್ ಮೇಲೆ. ಮೂರು ದಪ್ಪ ಅಲ್ಯೂಮಿನಿಯಂ ಕೊಳವೆಗಳ ಮೇಲೆ ಸಮತಟ್ಟು ಹಲಗೆ, ಸುತ್ತಲೂ ಬೇಲಿ, ಸೋಫಾದಂಥ ಸೀಟು, ಹಿಂದೆ, ಹೊರಗಡೆ ಸಿಕ್ಕಿಸಿದ 150 ಅಶ್ವಶಕ್ತಿಯ ಇಂಜಿನ್, ಅಂದರೆ ಔಟ್‌ಬೋರ್ಡ್. ಅದೂ 23 ಅಡಿಯದ್ದೇ. ವಿ8 ಬೋಟು ಪರಿಚಯದವರದ್ದು, ನಮ್ಮನ್ನೂ ಕರೆದುಕೊಂಡು ಹೋಗಿ ಓಡಿಸಲು ಕೊಟ್ಟರು. ಟ್ರೈಟೂನನ್ನು ಬಾಡಿಗೆಗೆ ತಂದೆವು. ಎಲ್ಲಾ ಒಂದೇ ಬೇಸಿಗೆಯಲ್ಲಿ, ಸಿಯಾಟಲ್‌ನ ಲೇಕ್ ವಾಷಿಂಗ್ಟನ್ ಮೇಲೆ. ಅಂದ ಹಾಗೆ, ನಮ್ಮ ಮನೆಯಲ್ಲಿ ಬೋಟು ಓಡಿಸುವುದು, ಕಾರಿನ ಹಿಂದೆ ಬೋಟು ಹೊತ್ತು ಬರುವ ಟ್ರೈಲರನ್ನು ರಿವರ್ಸ್ ಹಾಕುವುದು ಜಾಸ್ತಿ ನಾನೇ. ಅದಕ್ಕೇ ಬರೆಯುವುದೂ ನಾನೇ.

ಮೊದಲು ನೀರಿನ ವಿಷಯ. ಈ ಕೆರೆ ಉತ್ತರ-ದಕ್ಷಿಣವಾಗಿ ಸುಮಾರು 22 ಮೈಲಿ ಉದ್ದ. ಮಧ್ಯದಲ್ಲಿ ಅಡ್ಡಲಾಗಿ 520 ಹೆದ್ದಾರಿಯ ತೇಲುಸೇತುವೆ. ಸುಮಾರು 7,700 ಅಡಿ ಇದೆ, ಜಗತ್ತಿನಲ್ಲೇ ಅತಿ ಉದ್ದದ ತೇಲುಸೇತುವೆ. ಕಂಬಗಳ ಮೇಲೆ ನಿಂತದ್ದಲ್ಲ, ಕಾಂಕ್ರೀಟ್ ಪೆಟ್ಟಿಗೆಗಳ ಮೇಲೆ ತೇಲುತ್ತಿರುವುದು. ಹಾಗಾಗಿ ಅಲೆಗಳಿಗೆ ಅದೊಂದು ಗೋಡೆ. ಬೇಸಿಗೆಯ ಒಳ್ಳೆಯ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಉತ್ತರದಿಂದ ಗಾಳಿ ಬೀಸುತ್ತದೆ. ಆಗ ಸೇತುವೆಯ ದಕ್ಷಿಣಕ್ಕೆ ನೀರು ನುಣ್ಣಗಿರುತ್ತದೆ. ಉತ್ತರಕ್ಕೆ ಅಲೆ ಬೆಳೆಯುತ್ತಾ ಬಂದು, ಗೋಡೆಗೆ ಬಡಿದು, ವಾಪಸ್ ಬಂದು, ಎಲ್ಲಾ ಕಡೆಯಿಂದಲೂ ಕುಲುಕುತ್ತದೆ. ಬೋಟಿನ ಗುಣ ಗೊತ್ತಾಗುವುದು ಅಲ್ಲಿ. ಕೆರೆಯ ಉತ್ತರ ತುದಿಯ ಕೆನ್ಮೋರ್‌ನಲ್ಲಿ ನೀರಿಗಿಳಿಸಿ ಕರ್ಕ್‌ಲೆಂಡ್ ದಾಟಿ ಸೇತುವೆ ತನಕ ಹೋಗುವುದು ಸುಲಭ, ಗಾಳಿ ಬೆನ್ನ ಹಿಂದೆ ಇರುತ್ತದೆ. ಪರೀಕ್ಷೆ ಇರುವುದು ವಾಪಸ್ ಬರುವಾಗ.

ನಮ್ಮ 18 ಅಡಿಯದ್ದು ಅಲ್ಲಿ ಧಡ್ ಧಡ್ ಅಂತ ಬಡಿಯುತ್ತದೆ. ವೇಗ ಇಳಿಸಿದರೆ ಮೂತಿ ಮೇಲೇರುತ್ತದೆ, ಏರಿಸಿದರೆ ಸೊಂಟ ಹೋಗುತ್ತದೆ. ನಡುವಿನ ಒಂದು ವೇಗ ಹುಡುಕಿಕೊಂಡು ಹಲ್ಲು ಕಚ್ಚಿ ಬರಬೇಕು. ವಿ8 ಬೋಟು ಅದೇ ನೀರನ್ನು ಸೀಳಿಕೊಂಡು ಬಂತು. ತಳದ ಮುಂಭಾಗದ ವಿ ಆಕಾರ ಆಳವಾಗಿದೆ, ತೂಕ ನಮ್ಮದರ ಹತ್ತಿರ ಹತ್ತಿರ ಎರಡರಷ್ಟು. ಕೈಯಲ್ಲಿದ್ದ ಕಾಫಿ ಚೆಲ್ಲಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಲೋಟದಲ್ಲಿ ಅರ್ಧದ ಮೇಲೆ ಉಳಿಯಿತು. ಈ ಒಂದು ವಿಷಯದಲ್ಲಿ ಇವರ ಮಾತಿಗೆ ನಾನು ಎದುರಾಡುವುದಿಲ್ಲ. ಟ್ರೈಟೂನ್ ಎರಡರ ನಡುವೆ. ಸಣ್ಣ ಅಲೆಗಳನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ತಿರುಗಿಸುವಾಗಲೂ ಒಂದು ಕಡೆಗೆ ವಾಲುವುದಿಲ್ಲ. ಆದರೆ ಸೇತುವೆ ಹತ್ತಿರ ದೊಡ್ಡ ಅಲೆ ಸಿಕ್ಕಾಗ ಹಲಗೆಯ ತಳಕ್ಕೇ ನೀರು ಬಡಿಯಿತು. ಮುಂದಿನ ಗೇಟಿನ ಕೆಳಗಿಂದ ಎರಚಿ, ಅಲ್ಲಿ ಕೂತಿದ್ದವರ ಕಾಲು ಪೂರಾ ಒದ್ದೆ. ಜುಲೈನಲ್ಲೂ ಈ ನೀರು ತಣ್ಣಗೇ ಇರುತ್ತದೆ ಅನ್ನುವುದನ್ನು ಮರೆಯಬೇಡಿ.

ಇನ್ನು ಜನ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಇಂಥ ಬೋಟುಗಳ ಮೇಲೆ ಎಷ್ಟು ಜನ, ಎಷ್ಟು ತೂಕ ಅಂತ ಒಂದು ಫಲಕ ಇರಲೇಬೇಕು. ನಮ್ಮದರ ಮೇಲೆ 8 ಜನ ಅಂತಿದೆ. ಅದು ಮುಳುಗದ ಲೆಕ್ಕ, ಕೂರುವ ಲೆಕ್ಕ ಅಲ್ಲ. ಆರು ಜನ ಕೂತರೆ 135ರ ಇಂಜಿನ್ ಏದುಸಿರು ಬಿಡುತ್ತದೆ. ಮೂತಿ ಆಕಾಶ ನೋಡುತ್ತದೆ, ಸ್ವಲ್ಪ ಹೊತ್ತು ಮುಂದೆ ಏನಿದೆ ಅಂತಲೇ ಕಾಣುವುದಿಲ್ಲ. ಹೊರಡುವ ಮೊದಲು ಮಕ್ಕಳನ್ನು ಮುಂದಕ್ಕೆ ಕಳಿಸಿ ತೂಕ ಸರಿ ಮಾಡುತ್ತೇನೆ. ವಿ8ಗೆ ಅಂಥ ಕಷ್ಟವೇ ಇಲ್ಲ. ಹತ್ತು ಜನ ಇದ್ದರೂ ಒಂದೇ ಸಲಕ್ಕೆ ಎದ್ದು ಓಡುತ್ತದೆ.

ಆದರೆ ಹತ್ತುವುದು? ಎರಡೂ ಬೌರೈಡರ್‌ಗಳಿಗೆ ಡಾಕ್‌ನಿಂದ, ಅಂದರೆ ಬೋಟು ಕಟ್ಟುವ ಕಟ್ಟೆಯಿಂದ, ಅಂಚು ದಾಟಿ, ಸೀಟಿನ ಮೇಲೆ ಕಾಲಿಟ್ಟು, ಅಲ್ಲಿಂದ ಕೆಳಗಿಳಿಯಬೇಕು. ದೊಡ್ಡದರಲ್ಲಿ ಅಂಚು ಇನ್ನೂ ಎತ್ತರ. ಮಂಡಿ ನೋವಿರುವ ಅತ್ತೆಯನ್ನು ಒಳಗೆ ಇಳಿಸಲು ಇಬ್ಬರು ಬೇಕಾಯಿತು. ಟ್ರೈಟೂನ್‌ನಲ್ಲಿ ಗೇಟ್ ತೆಗೆದರೆ ಡಾಕ್ ಮತ್ತು ಹಲಗೆ ಹೆಚ್ಚುಕಡಿಮೆ ಒಂದೇ ಮಟ್ಟ. ಅತ್ತೆ ಯಾರ ಕೈಯನ್ನೂ ಹಿಡಿಯದೆ ನಡೆದುಕೊಂಡೇ ಒಳಗೆ ಬಂದರು. ಸುತ್ತ ಒಮ್ಮೆ ನೋಡಿ, "ಇದು ನಮ್ಮ ಸಿಗಂದೂರು ಲಾಂಚ್ ಇದ್ದ ಹಾಗಿದೆ ಕಣೇ, ಬಸ್ಸೊಂದು ಕಡಿಮೆ" ಅಂದರು. ಮಾವ ಅವತ್ತು ಕೂರಲೇ ಇಲ್ಲ. ಬೇಲಿ ಹಿಡಿದು ನಿಂತುಕೊಂಡು, ದಡದಲ್ಲಿರುವ ಬಂಗಲೆಗಳ ಬೆಲೆ ಕೇಳುತ್ತಾ ಬಂದರು.

ಊಟಕ್ಕೂ ಅದೇ ಮೇಲು. ಮಧ್ಯದಲ್ಲಿ ಮೇಜು ಇದೆ. ಚಿತ್ರಾನ್ನ, ಮೊಸರನ್ನ, ಕೋಡುಬಳೆ ಎಲ್ಲಾ ಹರಡಿಕೊಂಡು ಎದುರುಬದುರು ಕೂತು ಊಟ ಮಾಡಬಹುದು. ನಮ್ಮ ಬೋಟಿನಲ್ಲಿ ತಟ್ಟೆ ತೊಡೆಯ ಮೇಲೆ, ಅರಿಶಿನದ ಕಲೆ ಬಿಳಿ ಸೀಟಿನ ಮೇಲೆ. ಬಿಸಿಲಿಗೆ ಟ್ರೈಟೂನಿನ ಮೇಲ್ಕಟ್ಟು ದೊಡ್ಡದು. ಬೌರೈಡರ್‌ಗಳಲ್ಲಿ ನೆರಳು ಮಧ್ಯದ ಸೀಟುಗಳಿಗೆ ಮಾತ್ರ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ವಿಷಯ ಇದೆ: ಟಾಯ್ಲೆಟ್. ಸುವರ್ಡ್ ಪಾರ್ಕ್ ಪಕ್ಕದ ಆಂಡ್ರ್ಯೂಸ್ ಬೇಯಲ್ಲಿ ಲಂಗರು ಹಾಕಿ ಮಕ್ಕಳನ್ನು ಈಜಲು ಬಿಟ್ಟರೆ ಅರ್ಧ ದಿನ ಹೋಗುವುದೇ ಗೊತ್ತಾಗುವುದಿಲ್ಲ. ಗಂಡಸರಿಗೆ ಪರವಾಗಿಲ್ಲ. ನಾವು ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂತಿರುತ್ತೇವೆ. ವಿ8 ಬೋಟಿನಲ್ಲಿ ಡ್ರೈವರ್ ಪಕ್ಕದ ಕನ್ಸೋಲ್ ಒಳಗೆ ಸಣ್ಣ ಬಾಗಿಲು, ಅದರ ಹಿಂದೆ ಎತ್ತಿ ಒಯ್ಯಬಹುದಾದ ಪುಟ್ಟ ಟಾಯ್ಲೆಟ್. ನೆಟ್ಟಗೆ ನಿಲ್ಲಲು ಆಗುವುದಿಲ್ಲ, ಆದರೆ ಬಾಗಿಲು ಇದೆ. ನಾವು ತಂದ ಟ್ರೈಟೂನಿನಲ್ಲಿ ಹಿಂದಿನ ಮೂಲೆಯಲ್ಲಿ ಎತ್ತಿ ನಿಲ್ಲಿಸುವ ಪರದೆ ಇತ್ತು. ಬಟ್ಟೆ ಬದಲಾಯಿಸಲು ಸಾಕು, ಮಿಕ್ಕದ್ದಕ್ಕೆ ಧೈರ್ಯ ಬೇಕು. ನಮ್ಮ 18 ಅಡಿಯದ್ದರಲ್ಲಿ ಏನೂ ಇಲ್ಲ. ಬೋಟುಗಳ ವಿಮರ್ಶೆಗಳಲ್ಲಿ ಇಂಜಿನ್‌ಗೆ ಎರಡು ಪುಟ, ಇದಕ್ಕೆ ಅರ್ಧ ಸಾಲು. ಬರೆಯುವವರು ಯಾರು ಅಂತ ಗೊತ್ತಾಗುತ್ತದೆ ಅಲ್ವಾ?

ಮಕ್ಕಳನ್ನು ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸಿ ಹಿಂದೆ ಎಳೆಯುವುದರಲ್ಲಿ ವಿ8ಗೆ ಸಾಟಿ ಇಲ್ಲ. ಮಕ್ಕಳಿಬ್ಬರೂ ಅದಕ್ಕೇ ಓಟು ಹಾಕಿದರು. ಟ್ರೈಟೂನ್ ಎಳೆಯುತ್ತದೆ, ಆದರೆ ಚಿಕ್ಕವನ ಪ್ರಕಾರ "ಬೋರು". ಯಾವ ಬೋಟಾದರೂ ವಾಷಿಂಗ್ಟನ್ ರಾಜ್ಯದಲ್ಲಿ ಎಳೆಯುವಾಗ ಡ್ರೈವರ್ ಅಲ್ಲದೆ ಹಿಂದೆ ನೋಡುತ್ತಿರಲು ಇನ್ನೊಬ್ಬರು ಬೇಕು, ಬಿದ್ದವರನ್ನು ತೋರಿಸಲು ಅವರ ಕೈಯಲ್ಲಿ ಬಾವುಟ ಬೇಕು. 19 ಅಡಿಗಿಂತ ಚಿಕ್ಕ ಬೋಟಿನಲ್ಲಿ 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳು ಲೈಫ್ ಜಾಕೆಟ್ ಹಾಕಿರಲೇಬೇಕು ಅಂತ ರಾಜ್ಯದ ಕಾನೂನು. ನನ್ನ ಕಾನೂನಿನಲ್ಲಿ ಅಡಿಯ ಲೆಕ್ಕ ಇಲ್ಲ.

ಡಾಕ್‌ಗೆ ತಂದು ನಿಲ್ಲಿಸುವಾಗ ಲೆಕ್ಕ ತಿರುಗಾಮುರುಗಾ. ಚಿಕ್ಕ ಬೋಟು ಸ್ವಲ್ಪ ಆಚೀಚೆ ಆದರೂ ಕೈಯಲ್ಲೇ ಹಿಡಿದು ಎಳೆಯಬಹುದು. ವಿ8 ಬೋಟನ್ನು ಕೈಯಲ್ಲಿ ನಿಲ್ಲಿಸಲು ಹೋದರೆ ಕೈಯೇ ಹೋಗುತ್ತದೆ. ಟ್ರೈಟೂನಿನ ಬೇಲಿ ಗಾಳಿಗೆ ಹಾಯಿಯ ಕೆಲಸ ಮಾಡುತ್ತದೆ. ಅಡ್ಡಗಾಳಿಯಲ್ಲಿ ಪಕ್ಕಕ್ಕೆ ಸರಿಯುತ್ತಲೇ ಇರುತ್ತದೆ. ಎರಡನೆಯ ಸುತ್ತು ಹಾಕಿ ಬಂದು ಕಟ್ಟಿದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಬೋಟು ನೀರಿನ ಮೇಲಿರುವ ಹೊತ್ತು ಕಡಿಮೆ. ಉಳಿದ ಹೊತ್ತೆಲ್ಲಾ ಅದು ಎಲ್ಲಿರುತ್ತದೆ, ಅಲ್ಲಿಂದ ನೀರಿಗೆ ಹೇಗೆ ಬರುತ್ತದೆ?

ನಮ್ಮ ಕಾರು ಟೊಯೋಟಾ ಹೈಲ್ಯಾಂಡರ್, ವಿ6. ಎಳೆಯುವ ಮಿತಿ 5,000 ಪೌಂಡ್. ನಮ್ಮ ಬೋಟು, ಟ್ರೈಲರ್, ಪೆಟ್ರೋಲು, ಸಾಮಾನು ಎಲ್ಲಾ ಸೇರಿ ಸುಮಾರು 3,500 ಪೌಂಡ್. ಆರಾಮ. ವಿ8 ಬೋಟು ಟ್ರೈಲರ್ ಸಮೇತ 6,000 ದಾಟುತ್ತದೆ. ಅಂದರೆ ಬೋಟಿನ ಜೊತೆಗೆ ಒಂದು ಪಿಕಪ್ ಟ್ರಕ್ಕೂ ಬೇಕು. "ಟ್ರಕ್ಕು ಹೇಗಿದ್ದರೂ ತಗೋಬೇಕಿತ್ತು ಕಣೇ" ಅಂತ ಇವರು. ಯಾವಾಗಿನಿಂದ ಅಂತ ಕೇಳಿದರೆ ಉತ್ತರ ಇಲ್ಲ. ಟ್ರೈಟೂನ್ ಕಾಗದದ ಮೇಲೆ 5,000ದ ಒಳಗೇ ಬರುತ್ತದೆ. ಐಸ್ ಪೆಟ್ಟಿಗೆ, ಲಂಗರು, ತುಂಬಿದ ಟ್ಯಾಂಕು ಸೇರಿಸಿದರೆ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ನಾವಿರುವುದು ಸಮ್ಮಾಮಿಶ್ ಗುಡ್ಡದ ಮೇಲೆ. ಆ ಇಳಿಜಾರಿನಲ್ಲಿ ಅಂಚಿನ ತೂಕ ಎಳೆದುಕೊಂಡು ಇಳಿಯಲು ನನಗೆ ಮನಸ್ಸಿಲ್ಲ. ದೊಡ್ಡವೆರಡೂ ಎಂಟೂವರೆ ಅಡಿ ಅಗಲ. ಪರ್ಮಿಟ್ ಇಲ್ಲದೆ ರಸ್ತೆಯಲ್ಲಿ ಎಳೆಯಬಹುದಾದ ಗರಿಷ್ಠ ಅಗಲವೇ ಅಷ್ಟು.

ಇನ್ನು ಗ್ಯಾರೇಜು. ನಮ್ಮ ಟ್ರೈಲರಿನ ಮುಂದಿನ ಕೋಲು ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಹಾಗಾಗಿ ಬೋಟು ಮನೆಯ ಗ್ಯಾರೇಜಿನಲ್ಲೇ ನಿಲ್ಲುತ್ತದೆ, ಗೋಡೆಗೂ ಬಾಗಿಲಿಗೂ ಗೇಣು ಬಿಟ್ಟು. 23 ಅಡಿಯದ್ದು ಯಾವುದೇ ಆಗಲಿ ಒಳಗೆ ಬರುವುದಿಲ್ಲ. ಮನೆ ಮುಂದೆ ನಿಲ್ಲಿಸಲು ಬಡಾವಣೆಯ ಸಂಘದವರು ಬಿಡುವುದಿಲ್ಲ. ಹಾಗಾದರೆ ತಿಂಗಳ ಬಾಡಿಗೆಗೆ ಸ್ಟೋರೇಜ್, ಇಲ್ಲವೇ ಕೆರೆಯಲ್ಲೇ ಬೋಟು ಕಟ್ಟಿಡುವ ಮರೀನಾ. ಮರೀನಾದಲ್ಲಿ ಬಾಡಿಗೆ ಅಡಿ ಲೆಕ್ಕ, ಜಾಗಕ್ಕೆ ಕಾಯುವ ಪಟ್ಟಿ ಬೇರೆ.

ಇಲ್ಲೇ ನನ್ನ ತೀರ್ಮಾನ ಆಗಿಹೋಯಿತು. ಜೂನ್, ಜುಲೈನಲ್ಲಿ ಇಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಆಫೀಸಿನ ಕೆಲಸ ಮುಗಿಸಿ, ಲ್ಯಾಪ್‌ಟಾಪ್ ಮುಚ್ಚಿ, ಬೋಟು ಸಿಕ್ಕಿಸಿಕೊಂಡು ಹೊರಟರೆ ಆರೂವರೆಗೆ ಮನೆ ಹತ್ತಿರದ ಲೇಕ್ ಸಮ್ಮಾಮಿಶ್ ನೀರಿನಲ್ಲಿ ಇರುತ್ತೇವೆ. ಇಬ್ಬರು ಸಾಕು. ಇವರಿಗೆ ಮೀಟಿಂಗ್ ಇದ್ದರೆ ನಾನು, ಮಗಳು. ವಾರದ ದಿನ ಬೋಟು ನೀರಿಗಿಳಿಸುವ ರ್‍ಯಾಂಪ್‌ನಲ್ಲಿ ಜನ ಇರುವುದಿಲ್ಲ, ನೀರು ನುಣ್ಣಗಿರುತ್ತದೆ. ನಮ್ಮ ಬೇಸಿಗೆಯ ಬೋಟಿಂಗ್ ಹೆಚ್ಚಿನ ಪಾಲು ಹೀಗೇ ಆಗುವುದು. ವಿ8 ಬೋಟಿನ ಒಡೆಯರನ್ನು ಕೇಳಿದೆ. ವಾರದ ದಿನ ತೆಗೆಯುವುದೇ ಇಲ್ಲವಂತೆ. ಸ್ಟೋರೇಜಿಗೆ ಹೋಗಿ, ಎಳೆದು ತಂದು, ವಾಪಸ್ ಬಿಟ್ಟು ಬರುವಷ್ಟರಲ್ಲಿ ಕತ್ತಲು.

ಖರ್ಚಿನದ್ದು ಚುಟುಕಾಗಿ ಹೇಳಿಬಿಡುತ್ತೇನೆ. ಪೆಟ್ರೋಲ್ ಇಂಜಿನ್‌ಗೆ ಒಂದು ಒರಟು ಲೆಕ್ಕ ಇದೆ. ಪೂರ್ತಿ ವೇಗದಲ್ಲಿ ಗಂಟೆಗೆ ಅಶ್ವಶಕ್ತಿಯ ಹತ್ತನೇ ಒಂದು ಭಾಗದಷ್ಟು ಗ್ಯಾಲನ್. 135ಕ್ಕೆ ಹದಿಮೂರು, ಹದಿನಾಲ್ಕು. 300ಕ್ಕೆ ಮೂವತ್ತು. ಯಾರೂ ಇಡೀ ದಿನ ಪೂರ್ತಿ ವೇಗದಲ್ಲಿ ಓಡಿಸುವುದಿಲ್ಲ, ಆದರೂ ಅಂದಾಜು ಸಿಗುತ್ತದೆ. 16 ಅಡಿ ಅಥವಾ ಅದಕ್ಕಿಂತ ಉದ್ದದ ಬೋಟಿಗೆ ರಾಜ್ಯಕ್ಕೆ ವರ್ಷವೂ ಬೋಟಿನ ಬೆಲೆಯ 0.5 ಶೇಕಡಾ ತೆರಿಗೆ. ಹಳೇ ಬೋಟಿಗೆ ಅದು ಚಿಲ್ಲರೆ. ಹೊಸ ವಿ8 ಬೋಟಿನ ಬೆಲೆ ಲಕ್ಷ ಡಾಲರ್ ಆಸುಪಾಸು ಅನ್ನುವಾಗ ಚಿಲ್ಲರೆ ಅಲ್ಲ. ಚಳಿಗಾಲದ ಕೆಲಸದಲ್ಲಿ ಮಾತ್ರ ಟ್ರೈಟೂನ್ ಗೆಲ್ಲುತ್ತದೆ. ಔಟ್‌ಬೋರ್ಡನ್ನು ನೆಟ್ಟಗೆ ಇಳಿಸಿ ಬಿಟ್ಟರೆ ಇಂಜಿನ್ನಿನೊಳಗಿನ ನೀರು ತಾನೇ ಸುರಿದು ಹೋಗುತ್ತದೆ. ಮರ್ಕ್ರೂಸರ್‌ನಂಥ ಒಳಗಿನ ಇಂಜಿನ್‌ನಿಂದ ನೀರನ್ನು ನಾವೇ ಖಾಲಿ ಮಾಡಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿ ಬ್ಲಾಕೇ ಬಿರಿಯುತ್ತದೆ.

ಇವರ ಇನ್ನೊಂದು ಕನಸು, ಬಲ್ಲಾರ್ಡ್ ಲಾಕ್ಸ್ ದಾಟಿ ಸಮುದ್ರದ ಚಾಚಾದ ಪ್ಯೂಜೆಟ್ ಸೌಂಡ್‌ಗೆ ಇಳಿಯುವುದು. 1917ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ಈ ಲಾಕ್ಸ್, ಕೆರೆಗೂ ಸಮುದ್ರಕ್ಕೂ ಇರುವ, ಭರತ-ಇಳಿತಕ್ಕೆ ತಕ್ಕಂತೆ ಆರರಿಂದ ಇಪ್ಪತ್ತಾರು ಅಡಿವರೆಗಿನ ಮಟ್ಟದ ವ್ಯತ್ಯಾಸವನ್ನು ಬೋಟನ್ನೇ ಏರಿಸಿ ಇಳಿಸಿ ದಾಟಿಸುತ್ತದೆ. ದುಡ್ಡು ಕೊಡಬೇಕಿಲ್ಲ. ನೋಡಲೇಬೇಕಾದ್ದು ಹೌದು. ಆದರೆ ಆಚೆ ಉಪ್ಪುನೀರು, ಇನ್ನೂ ತಣ್ಣಗಿನ ನೀರು. ಅಲ್ಲಿ ದಿನಗಟ್ಟಲೆ ಸುತ್ತಲು ಬೇಕಾದ್ದು ಮುಚ್ಚಿದ ಕ್ಯಾಬಿನ್. ಬರೀ ಉದ್ದದ ಬೌರೈಡರ್ ತಗೊಂಡು ಆ ಕನಸು ಈಡೇರುವುದಿಲ್ಲ.

ಹಾಗಾಗಿ ನಾವು ಸದ್ಯ 18ರಲ್ಲೇ ಇದ್ದೇವೆ. ಅದಕ್ಕೆ ಹೊಸ ಮೇಲ್ಕಟ್ಟು ಹೊಲಿಸಿದೆವು. ಹಿಂದಿನ ಏಣಿ ಬದಲಿಸಿ ಉದ್ದದ್ದು ಹಾಕಿಸಿದೆವು. ಅತ್ತೆ, ಮಾವ ಬಂದಾಗ ಟ್ರೈಟೂನ್ ಬಾಡಿಗೆಗೆ. ಬುಧವಾರ, ಗುರುವಾರ ನೋಡಿ ಬುಕ್ ಮಾಡಿದರೆ ಬಾಡಿಗೆಯೂ ಕಡಿಮೆ, ನೀರಿನ ಮೇಲೆ ಗಲಾಟೆಯೂ ಕಡಿಮೆ. ನನಗೆ ಕೆರೆ ದಡದಲ್ಲಿ ಮನೆ, ಅಥವಾ ಮರೀನಾದಲ್ಲಿ ಒಂದು ಜಾಗ ಇದ್ದಿದ್ದರೆ ಇವತ್ತೇ ಟ್ರೈಟೂನ್ ಕೊಳ್ಳುತ್ತಿದ್ದೆ. ಮಕ್ಕಳು ಹದಿಹರೆಯದವರು, ಟ್ಯೂಬು, ಸ್ಕೀ ಬಿಟ್ಟು ಬೇರೇನೂ ಬೇಡ, ಟ್ರಕ್ಕು ಆಗಲೇ ಮನೆಯಲ್ಲಿದೆ ಅನ್ನುವವರು ಕಣ್ಣುಮುಚ್ಚಿ ವಿ8 ತಗೊಳ್ಳಿ.

ಯಾವುದನ್ನೇ ಕೊಳ್ಳುವ ಮೊದಲು ಓಡಿಸಿ ನೋಡಿ. ಮಾರುವವರು ಬೆಳಿಗ್ಗೆ ಹತ್ತು ಗಂಟೆಗೆ, ನುಣ್ಣನೆಯ ನೀರಿನಲ್ಲಿ, ಇಬ್ಬರನ್ನು ಕೂರಿಸಿ ತೋರಿಸುತ್ತಾರೆ. ಆಗ ಎಲ್ಲಾ ಬೋಟೂ ಚೆನ್ನಾಗಿಯೇ ಇರುತ್ತವೆ. ನೀವು ಸಂಜೆ ನಾಲ್ಕಕ್ಕೆ ಸಮಯ ಕೇಳಿ. ಮನೆಮಂದಿಯನ್ನೆಲ್ಲಾ ಕರೆದುಕೊಂಡು ಹೋಗಿ, ಅಜ್ಜಿಯನ್ನೂ ಸೇರಿಸಿ. ಉತ್ತರದ ಕಡೆಯಿಂದ ಸೇತುವೆ ತನಕ ಹೋಗಿ ಗಾಳಿಗೆ ಎದುರಾಗಿ ವಾಪಸ್ ಬನ್ನಿ. ಆಮೇಲೆ ಬೋಟನ್ನು ಟ್ರೈಲರ್ ಮೇಲೆ ಏರಿಸುವ ಕೆಲಸವನ್ನು ಅವರಿಗೆ ಬಿಡದೆ ನೀವೇ ಮಾಡಿ.